ಕ್ಯಾರಿಯರ್ ಅಂದರು, ಬಿಟ್ಟರು

(ಡುಶೆನ್ ಎಂಬ, ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಸೋಲುವ ಆನುವಂಶಿಕ ಕಾಯಿಲೆಯ ಮಕ್ಕಳ ಪಾಲಕರು ಹುಬ್ಬಳ್ಳಿಯಲ್ಲಿ ಸೇರಿದ್ದಾಗ ಆಡಿದ ಮಾತು. ಬರೆದುಕೊಳ್ಳುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ನಾನು ಕುಳಿತೇ ಮಾತಾಡುತ್ತೇನೆ, ಬೇಜಾರು ಮಾಡ್ಕೋಬೇಡಿ. ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಜೀವಶಾಸ್ತ್ರ ಕಲಿಸಿದವಳು ನಾನು. ನಿಂತು ಮಾತಾಡಿಯೇ ರೂಢಿ. ಈಗ ಒಂದು ಪಿರಿಯಡ್ ನಿಂತರೆ ತೊಡೆ ನಡುಗುತ್ತದೆ. ವೇದಿಕೆಯ ಮೂರು ಮೆಟ್ಟಿಲನ್ನು ಹೇಗೆ ಹತ್ತಿದೆ ಅಂತ ನೀವೇ ನೋಡಿದಿರಿ. ಮೊಣಕಾಲ ಮೇಲೆ ಕೈಯೂರಿ, ತೊಡೆಯನ್ನು ಒತ್ತಿ, ಮೈಯನ್ನು ಮೇಲಕ್ಕೆ ತಳ್ಳಿಕೊಂಡೆ. ಇಲ್ಲಿರುವ ಎಲ್ಲರಿಗೂ ಆ ಭಂಗಿ ಪರಿಚಿತ. ನಿಮ್ಮ ಮಗ ನಾಲ್ಕೈದು ವರ್ಷದವನಿದ್ದಾಗ ನೆಲದಿಂದ ಹೀಗೇ ಏಳುತ್ತಿದ್ದ, ಅಲ್ವಾ? ವೈದ್ಯರು ಅದನ್ನು ಗವರ್ಸ್ ಲಕ್ಷಣ ಅನ್ನುತ್ತಾರೆ. ಲಂಡನ್ನಿನ ವಿಲಿಯಂ ಗವರ್ಸ್ 1879ರಲ್ಲಿ ಇದನ್ನು ವಿವರಿಸಿದರು. ಈ ಕಾಯಿಲೆ ತಾಯಿಯ ಕಡೆಯಿಂದ ಹುಡುಗರಿಗೆ ಬರುತ್ತದೆ ಎಂಬುದೂ ಅವರಿಗೆ ಗೊತ್ತಿತ್ತು.

ನನ್ನ ಮಗನಿಗೆ ಈಗ ಹತ್ತೊಂಬತ್ತು. ಗಾಲಿಕುರ್ಚಿಯಲ್ಲಿ ಡಿಗ್ರಿ ಕಾಲೇಜಿಗೆ ಹೋಗುತ್ತಾನೆ. ಅವನಿಗೆ ಐದು ವರ್ಷವಿದ್ದಾಗ ಡುಶೆನ್ ಎಂದು ಗೊತ್ತಾಯಿತು. ಅವನ ಜೀನಿನಲ್ಲಿ ಸಿಕ್ಕ ದೋಷವನ್ನೇ ನನ್ನ ರಕ್ತದಲ್ಲೂ ಹುಡುಕಿದರು. ಇತ್ತು. ವೈದ್ಯರು ನನ್ನತ್ತ ನೋಡಿ, "ನೀವು ಕ್ಯಾರಿಯರ್ ಅಷ್ಟೇ. ನಿಮಗೇನೂ ಆಗಲ್ಲ" ಅಂದರು. ನಾನೂ ನಂಬಿದೆ. ಮಕ್ಕಳಿಗೆ ನಾನು ಕಲಿಸುತ್ತಿದ್ದುದೂ ಅದನ್ನೇ ಅಲ್ಲವೇ? ಬೋರ್ಡಿನ ಮೇಲೆ ನಾಲ್ಕು ಚೌಕ ಬರೆಯುವುದು. ಗಂಡಿಗೆ ಕಾಯಿಲೆ, ಹೆಣ್ಣು ವಾಹಕಿ, ಮುಂದಿನ ಪ್ರಶ್ನೆ.

ಕ್ಯಾರಿಯರ್ ಅಂದರೆ ನಮಗೆ ನೆನಪಾಗುವುದು ಎರಡೇ. ಒಂದು ಸೈಕಲ್ಲಿನ ಹಿಂದಿನದು, ಇನ್ನೊಂದು ಊಟದ್ದು. ಊಟದ ಕ್ಯಾರಿಯರ್ ಸಾರನ್ನು ಮನೆಯಿಂದ ಆಫೀಸಿಗೆ ಮುಟ್ಟಿಸುತ್ತದೆ. ಸಾರು ಖಾರವಾದರೆ ಡಬ್ಬಿಗೇನು? ಹೆಂಗಸರನ್ನು ಹಾಗೆ ನೋಡಿಯೇ ನೂರೈವತ್ತು ವರ್ಷ ಆಯಿತು. ಮಾತಿಗೆ ಇಷ್ಟು ಬಲ ಇದೆ ಅಂತ ನನಗೆ ಗೊತ್ತಾಗಿದ್ದು ನನ್ನದೇ ಕಾಲು ಸೋತ ಮೇಲೆ.

ಮೊದಲು ಸೋತಿದ್ದು ಕಾಲಲ್ಲ, ಬಲಗೈ. ಬೋರ್ಡಿನ ಮೇಲ್ಗಡೆ ಬರೆಯುವಾಗ ಕೈ ತಾನಾಗಿ ಇಳಿಯುತ್ತಿತ್ತು. ರೊಟ್ಟಿ ಬಡಿಯುವಾಗ ಎರಡನೆಯದಕ್ಕೇ ಭುಜ ಸೋಲುತ್ತಿತ್ತು. ಮದುವೆಮನೆಯ ಪಂಕ್ತಿಯಲ್ಲಿ ಕುಳಿತರೆ ಏಳುವಾಗ ಪಕ್ಕದವರ ಹೆಗಲು ಬೇಕು. ಬಸ್ಸಿನ ಮೊದಲ ಮೆಟ್ಟಿಲು ಗುಡ್ಡದಷ್ಟು ಎತ್ತರ ಕಾಣತೊಡಗಿತು. ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಬಲಗಾಲಿನ ಮೀನಖಂಡ ಎಡದ್ದಕ್ಕಿಂತ ದಪ್ಪ ಅಂತ ನನ್ನ ಅಕ್ಕ ಗುರುತಿಸಿದಳು. ಆಗ ನನಗೆ ಮೂವತ್ತನಾಲ್ಕು.

ಮನೆಯವರು ಹೇಳಿದ್ದು ಒಂದೇ ಮಾತು: "ಮಗನ್ನ ಎತ್ತಿ ಎತ್ತಿ ಹಿಂಗಾಗಿದೆ." ಹಾಗೆ ಅನ್ನುವುದು ಸಹಜ. ಇಲ್ಲಿರುವ ತಾಯಂದಿರಲ್ಲಿ ಸೊಂಟ ನೋಯದವರು ಯಾರಿದ್ದೀರಿ? ಮೂವತ್ತು ನಲವತ್ತು ಕಿಲೋ ಹುಡುಗನನ್ನು ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ದಿನಕ್ಕೆ ಹತ್ತು ಸಲ ಎತ್ತುತ್ತೀರಿ. ಹೀಗಾಗಿ ಡುಶೆನ್ ಹುಡುಗನ ತಾಯಿ ಸುಸ್ತು ಅಂದರೆ ಅದಕ್ಕೆ ಕಾರಣ ಹುಡುಕುವವರೇ ಇಲ್ಲ. ಕಾರಣ ಮನೆಯಲ್ಲೇ ಗಾಲಿಕುರ್ಚಿಯಲ್ಲಿ ಕುಳಿತಿದೆಯಲ್ಲ!

ಒಬ್ಬರು ವಿಟಮಿನ್ ಡಿ ಕಡಿಮೆ ಅಂದರು. ಇನ್ನೊಬ್ಬರು ಥೈರಾಯ್ಡ್ ನೋಡಿದರು. ಮತ್ತೊಬ್ಬರು ಎಸ್‌ಜಿಒಟಿ, ಎಸ್‌ಜಿಪಿಟಿ ಜಾಸ್ತಿ ಇದೆ ಎಂದು ಲಿವರಿಗೆ ಗುಳಿಗೆ ಬರೆದರು. ಆ ಕಿಣ್ವಗಳು ಲಿವರಿನಿಂದ ಮಾತ್ರ ಅಲ್ಲ, ಹಾಳಾಗುತ್ತಿರುವ ಸ್ನಾಯುವಿನಿಂದಲೂ ರಕ್ತಕ್ಕೆ ಸೋರುತ್ತವೆ. ನಿಮ್ಮ ಮಕ್ಕಳಲ್ಲೂ ಕೆಲವರಿಗೆ ಮೊದಲು ಕಾಮಾಲೆ ಔಷಧಿ ಕುಡಿಸಿರಬಹುದು. ಇನ್ನೊಬ್ಬರಂತೂ ಪಾಪ, ಬಹಳ ಮೃದುವಾಗಿ, "ಮಗನ ಚಿಂತೆ ಮೈಗೆ ಇಳಿದಿದೆ, ನಿದ್ದೆಗೆ ಕೊಡ್ತೀನಿ" ಅಂದರು.

ಬೇರೆ ಊರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಸಿಪಿಕೆ, ಅಂದರೆ ಸ್ನಾಯು ಹಾಳಾದಾಗ ರಕ್ತಕ್ಕೆ ಸೋರುವ ಇನ್ನೊಂದು ಕಿಣ್ವದ ಪರೀಕ್ಷೆ ಮಾಡಿದರು. ಇನ್ನೂರರ ಒಳಗೆ ಇರಬೇಕಾದ್ದು ಸಾವಿರದ ಮುನ್ನೂರು ಬಂತು. "ನಿಮ್ಮ ತಂದೆತಾಯಿ ಸಂಬಂಧದಲ್ಲಿ ಮದುವೆಯಾ?" ಎಂದು ಕೇಳಿದರು. ಹೌದು, ಅಪ್ಪ ಅವ್ವನ ಸೋದರತ್ತೆಯ ಮಗ. ಅಲ್ಲಿಗೆ ತೀರ್ಮಾನ ಆಯಿತು: ಲಿಂಬ್ ಗರ್ಡಲ್ ಮಸ್ಕ್ಯುಲರ್ ಡಿಸ್ಟ್ರೋಫಿ. ಅದೂ ತೊಡೆ, ಸೊಂಟ, ಭುಜವನ್ನೇ ಹಿಡಿಯುವ ಕಾಯಿಲೆ. ಅದರ ಹೆಚ್ಚಿನ ಬಗೆಗಳಲ್ಲಿ ಅಪ್ಪ ಅಮ್ಮ ಇಬ್ಬರಿಂದಲೂ ಜೀನಿನ ಕೆಟ್ಟ ಪ್ರತಿ ಬರಬೇಕು. ಹೀಗಾಗಿ ರಕ್ತಸಂಬಂಧದ ಮದುವೆಗಳಲ್ಲಿ ಅದು ಜಾಸ್ತಿ. ಮಗನ ವಿಷಯ ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಯಾಕೆ ಹೇಳಬೇಕು? ಅದು ಗಂಡುಹುಡುಗರ ಕಾಯಿಲೆ ಅಂದಿದ್ದರಲ್ಲ! ಜೀವಶಾಸ್ತ್ರದ ಟೀಚರ್ ನಾನು. ಆ ಪೆದ್ದುತನಕ್ಕೆ ಈಗಲೂ ನಗು ಬರುತ್ತದೆ, ಸಿಟ್ಟೂ ಬರುತ್ತದೆ.

ಎರಡು ವರ್ಷ ಆದಮೇಲೆ ತೊಡೆಯಿಂದ ಒಂದು ಚೂರು ಸ್ನಾಯು ತೆಗೆದು ನೋಡಿದರು. ಆ ಚಿತ್ರವನ್ನು ನನಗೆ ತೋರಿಸಿದ ವೈದ್ಯೆಗೆ ನಾನು ಋಣಿ. ಡಿಸ್ಟ್ರೋಫಿನ್ ಅಂದರೆ ಡುಶೆನ್ ಹುಡುಗರ ಸ್ನಾಯುವಿನಲ್ಲಿ ಇಲ್ಲವಾಗುವ ಪ್ರೋಟೀನು; ಅದು ಇರುವ ಕಡೆ ಹೊಳೆಯುವ ಹಾಗೆ ಬಣ್ಣ ಹಾಕಿರುತ್ತಾರೆ. ಮಗನದರಲ್ಲಿ ಎಲ್ಲ ಕಪ್ಪು. ಆರೋಗ್ಯವಂತರಲ್ಲಿ ಒಂದೊಂದು ಎಳೆಯ ಸುತ್ತಲೂ ಬಳೆಯ ಹಾಗೆ ಗೆರೆ. ನನ್ನದರಲ್ಲಿ ಇಲ್ಲಿ ಬಳೆ, ಅಲ್ಲಿ ಖಾಲಿ, ಮತ್ತೆರಡು ಬಳೆ, ಮತ್ತೆ ಒಂದು ದೊಡ್ಡ ಕಪ್ಪು ತೇಪೆ. ನೋಡಿದ ಕೂಡಲೇ ನನ್ನ ಬಾಯಿಂದ ಬಂದಿದ್ದು, "ಅಯ್ಯೋ, ಕೌದಿ!"

ನಮ್ಮ ಕಡೆಯ ಮನೆಗಳಲ್ಲಿ ಕೌದಿ ಗೊತ್ತಿಲ್ಲದವರಿಲ್ಲ. ಹಳೆ ಸೀರೆ, ಧೋತರ, ಅಂಗಿಯ ತುಂಡು ಸೇರಿಸಿ ಹೊಲಿದದ್ದು. ಹೆಣ್ಣಿನ ಮೈಯೇ ಒಂದು ಕೌದಿ. ಇದನ್ನು ಸುಮ್ನೆ ಚೆಂದಕ್ಕೆ ಹೇಳುತ್ತಿಲ್ಲ.

ನಮಗೆ ಎರಡು ಎಕ್ಸ್ ವರ್ಣತಂತು. ಒಂದು ಅವ್ವನಿಂದ, ಒಂದು ಅಪ್ಪನಿಂದ. ಗಂಡಸರಿಗೆ ಒಂದೇ. ಎರಡೂ ಕೆಲಸ ಮಾಡಿದರೆ ನಮ್ಮಲ್ಲಿ ಎಲ್ಲವೂ ದುಪ್ಪಟ್ಟಾಗಬೇಕಿತ್ತು. ಹಾಗಾಗುವುದಿಲ್ಲ. ಭ್ರೂಣ ಇನ್ನೂ ತೀರ ಎಳೆಯದಿರುವಾಗಲೇ ಒಂದೊಂದು ಜೀವಕೋಶವೂ ತನ್ನ ಎರಡು ಎಕ್ಸ್‌ಗಳಲ್ಲಿ ಒಂದರ ಬಾಯಿ ಮುಚ್ಚಿಸುತ್ತದೆ. ಯಾವುದನ್ನು? ಚಿತ್ತೋ ಪಟ್ಟೋ. ಆದರೆ ಒಮ್ಮೆ ಮುಚ್ಚಿದರೆ ಆ ಕೋಶದಿಂದ ಹುಟ್ಟುವ ಕೋಶಗಳೆಲ್ಲ ಅದನ್ನೇ ಪಾಲಿಸುತ್ತವೆ. ಹೀಗೆ ಮೈಯಲ್ಲಿ ಅವ್ವನ ಎಕ್ಸ್ ನಡೆಯುವ ತೇಪೆಗಳು, ಅಪ್ಪನ ಎಕ್ಸ್ ನಡೆಯುವ ತೇಪೆಗಳು. ಇದನ್ನು 1961ರಲ್ಲಿ ಹೇಳಿದ್ದು ಮೇರಿ ಲಯನ್ ಎಂಬ ಇಂಗ್ಲೆಂಡಿನ ವಿಜ್ಞಾನಿ. ಹೆಣ್ಣಿಲಿಗಳ ಮೈಮೇಲೆ ಎರಡು ಬಣ್ಣದ ಮಚ್ಚೆಗಳು ಬೆರೆತಿದ್ದನ್ನು ನೋಡಿ ಅವರಿಗೆ ಹೊಳೆದದ್ದು. ಕಪ್ಪು-ಕೇಸರಿ ಮಚ್ಚೆಯ ಬೆಕ್ಕು ನಿಮ್ಮ ಓಣಿಯಲ್ಲಿದ್ದರೆ ಗಮನಿಸಿ. ಹೆಚ್ಚುಕಡಿಮೆ ಯಾವಾಗಲೂ ಹೆಣ್ಣೇ.

ಡಿಸ್ಟ್ರೋಫಿನ್ ಜೀನ್ ಇರುವುದು ಇದೇ ಎಕ್ಸ್ ಮೇಲೆ. ಅದು ಮಾಡಿಸುವ ಪ್ರೋಟೀನು ಸ್ನಾಯು ಕುಗ್ಗಿ ಹಿಗ್ಗುವಾಗ ಅದರ ಹೊರಪೊರೆ ಹರಿಯದಂತೆ ಕಾಯುತ್ತದೆ. ಮನುಷ್ಯನಲ್ಲಿ ಗೊತ್ತಿರುವ ಜೀನ್‌ಗಳಲ್ಲೆಲ್ಲ ಇದು ಅತಿ ಉದ್ದದವುಗಳಲ್ಲಿ ಒಂದು, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಡಿಎನ್ಎ ಅಕ್ಷರ, 79 ಎಕ್ಸಾನ್, ಅಂದರೆ ಪ್ರೋಟೀನಿನ ಸೂತ್ರ ಬರೆದ ತುಂಡುಗಳು. ಸೆಪ್ಟೆಂಬರ್ 7ರಂದು (7/9) ಡುಶೆನ್ ದಿನ ಆಚರಿಸುವುದು ಈ 79ರಿಂದಲೇ. ಇಷ್ಟುದ್ದದ ಬರಹ ನಕಲಾಗುವಾಗ ತಪ್ಪಾಗುವ ಅವಕಾಶವೂ ಜಾಸ್ತಿ. ಸುಮಾರು ಮೂರರಲ್ಲಿ ಒಬ್ಬ ಹುಡುಗನಿಗೆ ಈ ದೋಷ ತಾಯಿಯಿಂದ ಬಂದಿರುವುದಿಲ್ಲ, ಹೊಸದಾಗಿ ಆಗಿರುತ್ತದೆ. ಇಂಥ ಲೆಕ್ಕವನ್ನು ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ ಕಾಯಿಲೆಗೆ ಹಿಂದೆಯೇ, 1935ರಲ್ಲಿ, ಹಾಕಿದವರು ಇಂಗ್ಲೆಂಡಿನ ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್. ಅವರು ಆಮೇಲೆ ಭಾರತಕ್ಕೆ ಬಂದು ಇಲ್ಲಿಯ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. "ಇದು ಸೊಸೆ ತಂದದ್ದು" ಅನ್ನುವವರಿಗೆ ಹಾಲ್ಡೇನರ ಹೆಸರು ಹೇಳಿ. ಅರ್ಥ ಆಗದಿದ್ದರೂ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ.

ಈಗ ಕೌದಿಗೆ ಬರೋಣ. ಬಹಳ ಹೆಂಗಸರಲ್ಲಿ ಒಳ್ಳೆ ತೇಪೆ, ಕೆಟ್ಟ ತೇಪೆ ಸಮಸಮ ಬೆರೆತಿರುತ್ತವೆ. ಸ್ನಾಯುವಿನ ಒಂದು ಎಳೆಯಲ್ಲಿ ನೂರಾರು ಕೋಶಕೇಂದ್ರಗಳು ಇರುತ್ತವೆ. ಅಕ್ಕಪಕ್ಕದ ಒಳ್ಳೆಯವು ಕೆಟ್ಟದ್ದರ ಕೆಲಸವನ್ನೂ ಸ್ವಲ್ಪ ತೂಗಿಸುತ್ತವೆ. ಹೀಗಾಗಿ ಏನೂ ಗೊತ್ತಾಗುವುದಿಲ್ಲ. ಕೆಲವರಲ್ಲಿ ಒಳ್ಳೆಯ ಎಕ್ಸ್‌ನ ಬಾಯೇ ಹೆಚ್ಚು ಕಡೆ ಮುಚ್ಚಿರುತ್ತದೆ. ಅವರಿಗೆ ನನ್ನ ಹಾಗೆ ಆಗುತ್ತದೆ. ತೇಪೆ ಎಲ್ಲೆಲ್ಲಿ ಬೀಳುತ್ತದೋ ಹೇಳಲಾಗದು. ಅದಕ್ಕೇ ನನ್ನ ಬಲಗೈ ಸೋತಿತು, ಎಡಗೈ ಇನ್ನೂ ಗಟ್ಟಿ. ಹುಡುಗರಲ್ಲಿ ಎರಡೂ ಕಡೆ ಒಂದೇ ಸಮ ಸೋಲುತ್ತದೆ. ಹೆಂಗಸರಲ್ಲಿ ಒಂದು ಕಡೆ ಜಾಸ್ತಿ ಇರುವುದು ಸಾಮಾನ್ಯ. ಒಂದೇ ಭ್ರೂಣ ಎರಡಾಗಿ ಹುಟ್ಟಿದ ಅವಳಿ ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಕಾಯಿಲೆ, ಇನ್ನೊಬ್ಬಳು ಓಡಾಡಿಕೊಂಡು ಆರಾಮಾಗಿರುವುದನ್ನೂ ವೈದ್ಯರು ದಾಖಲಿಸಿದ್ದಾರೆ. ಜೀನ್ ಎಲ್ಲ ಒಂದೇ, ಹೊಲಿಗೆ ಬೇರೆ.

ಎಷ್ಟು ಜನಕ್ಕೆ ಹೀಗಾಗುತ್ತದೆ? ನೆದರ್ಲೆಂಡ್ಸಿನಲ್ಲಿ ಡುಶೆನ್ ಮತ್ತು ಅದರ ಸೌಮ್ಯ ರೂಪವಾದ ಬೆಕರ್ ಇರುವ ಕುಟುಂಬಗಳ 129 ವಾಹಕಿಯರನ್ನು ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಶೇಕಡಾ 22ರಷ್ಟು ಹೆಂಗಸರಲ್ಲಿ ಲಕ್ಷಣಗಳಿದ್ದವು. ಶೇಕಡಾ 17ರಷ್ಟು ಜನರಲ್ಲಿ ಸ್ನಾಯು ಸೋತಿತ್ತು. ಐದರಲ್ಲಿ ಒಬ್ಬರು ಅಂದುಕೊಳ್ಳಿ. ಈ ಹಾಲ್‌ನಲ್ಲಿ ತಾಯಂದಿರು, ಅಕ್ಕತಂಗಿಯರು ಸೇರಿ ಅರವತ್ತು ಜನ ಇದ್ದೀರಿ. ನೀವೆಲ್ಲ ವಾಹಕಿಯರಲ್ಲ ನಿಜ. ಆದರೂ ನಾನೊಬ್ಬಳೇ ಇರಲಾರೆ.

ನನಗೆ ಬಹಳ ಇಷ್ಟವಾದ ಒಂದು ವಿಷಯ ಹೇಳಿಬಿಡುತ್ತೇನೆ. ಈ ಜೀನ್ ಎಲ್ಲಿದೆ ಎಂದು ತೋರಿಸಿಕೊಟ್ಟವರಲ್ಲಿ ಹೆಣ್ಣುಮಕ್ಕಳೂ ಇದ್ದಾರೆ. ಹುಡುಗರಂತೆಯೇ ಡುಶೆನ್ ಬಂದ ಕೆಲವೇ ಕೆಲವು ಹುಡುಗಿಯರು 1970ರ ದಶಕದ ಕೊನೆಯ ಹೊತ್ತಿಗೆ ವೈದ್ಯರ ಕಣ್ಣಿಗೆ ಬಿದ್ದರು. ಅವರ ಒಂದು ಎಕ್ಸ್ ಮುರಿದು ಬೇರೆ ವರ್ಣತಂತುವಿಗೆ ಅಂಟಿಕೊಂಡಿತ್ತು. ಬೇರೆ ಬೇರೆ ಹುಡುಗಿಯರಲ್ಲಿ ಅಂಟಿಕೊಂಡ ವರ್ಣತಂತು ಬೇರೆ, ಆದರೆ ಎಕ್ಸ್ ಮುರಿದ ಜಾಗ ಒಂದೇ. ಅಂದರೆ ಜೀನ್ ಅಲ್ಲೇ ಇರಬೇಕು! ಟೊರಾಂಟೊದ ರೊನಾಲ್ಡ್ ವರ್ಟನ್ ತಂಡ ಅಂಥ ಒಬ್ಬ ಹುಡುಗಿಯ ಮುರಿದ ವರ್ಣತಂತುವನ್ನು ಹಿಡಿದು ಹೊರಟಿತು. ಬಾಸ್ಟನ್ನಿನ ಲೂಯಿ ಕುಂಕೆಲ್ ತಂಡ ಒಬ್ಬ ಹುಡುಗನ ಎಕ್ಸ್‌ನಲ್ಲಿ ಕಳೆದುಹೋಗಿದ್ದ ತುಂಡಿನಿಂದ ಹೊರಟಿತು. 1986-87ರ ಹೊತ್ತಿಗೆ ಜೀನ್ ಸಿಕ್ಕಿತು, ಪ್ರೋಟೀನೂ ಸಿಕ್ಕಿತು. ಇಷ್ಟಾದರೂ ಪಠ್ಯಪುಸ್ತಕದಲ್ಲಿ "ಗಂಡುಹುಡುಗರ ಕಾಯಿಲೆ" ಎಂದೇ ಉಳಿಯಿತು.

ನಮ್ಮ ಕಡೆಯ ಸಂಬಂಧದ ಮದುವೆಯ ಬಗ್ಗೆ ಇನ್ನೊಂದು ಮಾತು. ಡುಶೆನ್ ಬರುವುದಕ್ಕೂ ಸಂಬಂಧದ ಮದುವೆಗೂ ನಂಟಿಲ್ಲ. ಎಷ್ಟೋ ದಂಪತಿಗಳು ಆ ತಪ್ಪಿತಸ್ಥ ಭಾವನೆಯಲ್ಲೇ ಕೊರಗುತ್ತಾರೆ, ಅದು ಬೇಡ. ಬೆಕರ್ ವಿಷಯದಲ್ಲಿ ಮಾತ್ರ ಒಂದು ತೊಡಕಿದೆ. ಬೆಕರ್ ಅಂದರೆ ಇದೇ ಜೀನಿನ ಸೌಮ್ಯ ರೂಪ. ಗಂಡಸರು ದೊಡ್ಡವರಾಗಿ, ಮದುವೆಯಾಗಿ, ಮಕ್ಕಳನ್ನೂ ಪಡೆಯುತ್ತಾರೆ. ಅಂಥವರು ಅಕ್ಕನ ಮಗಳನ್ನು ಮದುವೆಯಾದರೆ, ಅವಳೂ ವಾಹಕಿಯಾಗಿದ್ದರೆ? ಹುಟ್ಟುವ ಹೆಣ್ಣುಮಗುವಿಗೆ ಅಪ್ಪನ ಕೆಟ್ಟ ಎಕ್ಸ್ ಬಂದೇ ಬರುತ್ತದೆ. ಅಮ್ಮನದೂ ಅರ್ಧ ಪಾಲು ಸಂಭವ. ಎರಡೂ ಕೆಟ್ಟದ್ದೇ ಬಂದರೆ ಆ ಮಗುವಿನ ಕೌದಿಯಲ್ಲಿ ಒಳ್ಳೆ ತೇಪೆಯೇ ಇರುವುದಿಲ್ಲ. ಹಾಗಾಗಿ ಹುಡುಗಿ ಎಂದ ಕೂಡಲೇ ಈ ಕಾಯಿಲೆಯನ್ನು ಪಟ್ಟಿಯಿಂದ ಹೊಡೆದುಹಾಕಬಾರದು.

ಇನ್ನು ಅವ್ವನ ಕತೆ. ಇಲ್ಲಿಗೆ ಬಂದದ್ದೇ ಇದನ್ನು ಹೇಳಲು.

ಅವ್ವನ ತಮ್ಮ, ನನ್ನ ಮಾಮಾ, ಹದಿನೇಳಕ್ಕೇ ಹೋದ. ಆಗ ಅದಕ್ಕೆ ಹೆಸರಿರಲಿಲ್ಲ, "ಕಾಲು ಹೋದ ಹುಡುಗ" ಅಷ್ಟೇ. ಅವ್ವ ಮಾತ್ರ ಗಟ್ಟಿಗಿತ್ತಿ. ಅರವತ್ತು ದಾಟಿದರೂ ಐವತ್ತು ರೊಟ್ಟಿ ಬಡಿಯುತ್ತಿದ್ದಳು. ತಲೆಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ಬರುತ್ತಿದ್ದಳು. ಅವಳ ಸ್ನಾಯುವಿನಲ್ಲಿ ಯಾವ ದೋಷವೂ ಕಾಣಲಿಲ್ಲ. ಅರವತ್ತಮೂರಕ್ಕೆ ಮಲಗಿದರೆ ಉಸಿರು ಕಟ್ಟತೊಡಗಿತು. ಕಾಲು ಬಾತವು. ಬಿಪಿ ಅಂದರು, ವಯಸ್ಸು ಅಂದರು. ಎಕೋ ಮಾಡಿದಾಗ ಹೃದಯ ಹಿಗ್ಗಿ ದೊಡ್ಡದಾಗಿತ್ತು. ರಕ್ತ ತಳ್ಳುವ ಬಲ ಶೇಕಡಾ 55ರ ಮೇಲಿರಬೇಕು, ಅವಳದು 32. ಯಾಕೆ ಹೀಗಾಯಿತು ಅಂತ ಯಾರೂ ಕೇಳಲಿಲ್ಲ. ಅಷ್ಟೊತ್ತಿಗೆ ನನ್ನ ಬಯಾಪ್ಸಿ ಆಗಿತ್ತು. ನಾನೇ ಕೇಳಿದೆ: "ಡಾಕ್ಟ್ರೇ, ಇವರ ತಮ್ಮನಿಗೂ ಮೊಮ್ಮಗನಿಗೂ ಡುಶೆನ್. ಇದು ಅದೇ ಇರಬಹುದಾ?" ಅವರು ಪೆನ್ನು ಕೆಳಗಿಟ್ಟರು.

ಹೃದಯವೂ ಸ್ನಾಯುವೇ. ಡಿಸ್ಟ್ರೋಫಿನ್ ಅದಕ್ಕೂ ಬೇಕು. ಆದರೆ ಹೃದಯದ ಕೋಶಗಳು ಕೈಕಾಲಿನ ಎಳೆಗಳಂತೆ ನೂರಾರು ಕೋಶಕೇಂದ್ರ ಇಟ್ಟುಕೊಂಡಿಲ್ಲ. ಹೆಚ್ಚೆಂದರೆ ಒಂದೋ ಎರಡೋ. ಅಕ್ಕಪಕ್ಕದವರು ತೂಗಿಸಿಕೊಡುವ ಅನುಕೂಲ ಅಲ್ಲಿ ಕಡಿಮೆ. ಅದೇ ಡಚ್ ಅಧ್ಯಯನದಲ್ಲಿ ಡುಶೆನ್ ವಾಹಕಿಯರಲ್ಲಿ ಶೇಕಡಾ 8ರಷ್ಟು ಜನರ ಹೃದಯ ಹಿಗ್ಗಿ ದುರ್ಬಲವಾಗಿತ್ತು. ಕೈಕಾಲು ಗಟ್ಟಿ ಇದ್ದರೆ ಹೃದಯವೂ ಗಟ್ಟಿ ಅಂತ ತಿಳಿಯಬೇಡಿ. ಸಿಪಿಕೆ ಸರಿ ಇದ್ದರೂ ಹಾಗೇ. ವಾಹಕಿಯರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನಕ್ಕೆ ಸಿಪಿಕೆ ಸಹಜವಾಗಿಯೇ ಇರುತ್ತದೆ.

ಹೀಗಾಗಿ ವಾಹಕಿ ಎಂದು ಗೊತ್ತಾದಾಗಲೇ ಒಮ್ಮೆ ಇಸಿಜಿ, ಎಕೋ ಮಾಡಿಸಬೇಕು. ಎಲ್ಲ ಸರಿ ಇದ್ದರೂ ಮೂರರಿಂದ ಐದು ವರ್ಷಕ್ಕೊಮ್ಮೆ ಮತ್ತೆ ನೋಡಿಸಬೇಕು. 2018ರ ಅಂತರರಾಷ್ಟ್ರೀಯ ಡುಶೆನ್ ಆರೈಕೆ ಸೂಚನೆಗಳಲ್ಲೇ ಇದು ಇದೆ. ಅನುಕೂಲ ಇದ್ದವರು ಹೃದಯದ ಎಂಆರ್‌ಐ ಮಾಡಿಸಬಹುದು. ಎಕೋದಲ್ಲಿ ಕಾಣದ ಸಣ್ಣ ಕಲೆಗಳೂ ಅದರಲ್ಲಿ ಕಾಣುತ್ತವೆ. ದೋಷ ಸಿಕ್ಕರೆ ಕೊಡುವ ಔಷಧಿ ಹೊಸದೇನಲ್ಲ. ಹೃದಯ ಸೋತ ಬೇರೆಯವರಿಗೂ ಕೊಡುವ ಗುಳಿಗೆಗಳೇ. ಅವ್ವನ 32 ಒಂದು ವರ್ಷದಲ್ಲಿ 44ಕ್ಕೆ ಏರಿತು. ಈಗ ರೊಟ್ಟಿ ಬಡಿಯುವುದಿಲ್ಲ, ಬಡಿಯುವವರನ್ನು ಬೈಯುತ್ತಾಳೆ.

ಇನ್ನೊಂದು, ಆಪರೇಷನ್. ನಮ್ಮ ಕಡೆ ಗರ್ಭಕೋಶ ತೆಗೆಸುವುದು ಎಷ್ಟು ಸುಲಭವಾಗಿ ನಡೆದುಹೋಗುತ್ತದೆ ಅಂತ ಗೊತ್ತಲ್ಲ. ಸಿಸೇರಿಯನ್ ಇರಲಿ, ಬೇರೆ ಏನೇ ಇರಲಿ, ಅರಿವಳಿಕೆ ಕೊಡುವ ವೈದ್ಯರಿಗೆ ಮೊದಲೇ ಹೇಳಿ: "ನಮ್ಮ ಮನೆಯಲ್ಲಿ ಡುಶೆನ್ ಇದೆ, ನಾನು ವಾಹಕಿ, ನನಗೂ ಸ್ನಾಯುವಿನ ತೊಂದರೆ ಇದೆ." ಸಕ್ಸಿನೈಲ್‌ಕೋಲಿನ್ ಎಂಬ ಔಷಧಿ, ಮೂಗಿಗೆ ಕೊಡುವ ಕೆಲವು ಅರಿವಳಿಕೆ ಅನಿಲಗಳು ಇಂಥ ಸ್ನಾಯುವಿಗೆ ಅಪಾಯ. ಹೇಳಿದರೆ ಬೇರೆ ದಾರಿ ಹಿಡಿಯುತ್ತಾರೆ.

ಪರೀಕ್ಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಿಮಗೇ ಗೊತ್ತು. ಮೊದಲು ಮಗನ ದೋಷ ಯಾವುದು ಎಂದು ಸಿಗಬೇಕು. ಆಮೇಲೆ ತಾಯಿ, ಅಕ್ಕತಂಗಿ, ಚಿಕ್ಕಮ್ಮಂದಿರಲ್ಲಿ ಅದನ್ನೇ ಹುಡುಕುವುದು ಸುಲಭ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸ್ನಾಯುರೋಗದ ಕ್ಲಿನಿಕ್ ಇದೆ. ತಾಯಿಯ ರಕ್ತದಲ್ಲಿ ದೋಷ ಸಿಗದಿದ್ದರೂ ಅಂಡಾಶಯದ ಕೆಲವು ಕೋಶಗಳಲ್ಲಿ ಇರಬಹುದು. ಮುಂದಿನ ಬಸಿರಿನಲ್ಲಿ ಪರೀಕ್ಷೆ ಬಿಡಬೇಡಿ. ಹುಟ್ಟುವ ಮೊದಲು ಲಿಂಗ ಪತ್ತೆ ಅಪರಾಧ ಹೌದು. ಆದರೆ ಲಿಂಗಕ್ಕೆ ಅಂಟಿದ ಇಂಥ ಕಾಯಿಲೆಗಳಿಗೆ ನೋಂದಾಯಿತ ಕೇಂದ್ರಗಳಲ್ಲಿ ಪರೀಕ್ಷೆ ಮಾಡಲು 1994ರ ಕಾನೂನೇ ಅವಕಾಶ ಕೊಟ್ಟಿದೆ. ಹಾಗೆಯೇ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಮಸ್ಕ್ಯುಲರ್ ಡಿಸ್ಟ್ರೋಫಿ ಇದೆ. ಗಂಡಸರಿಗೆ ಮಾತ್ರ ಎಂದು ಅಲ್ಲಿ ಬರೆದಿಲ್ಲ. ಪ್ರಮಾಣಪತ್ರದ ಕೌಂಟರಿನಲ್ಲಿ "ಲೇಡೀಸಿಗೆ ಇದು ಬರಲ್ಲವಲ್ಲ ಮೇಡಂ" ಎಂಬ ಮಾತನ್ನು ನಾನು ಎರಡು ಸಲ ಕೇಳಿದ್ದೇನೆ. ಬಯಾಪ್ಸಿ ವರದಿ ಮುಂದಿಟ್ಟೆ. ಮೂರನೆಯ ಸಲ ಕೊಟ್ಟರು.

ಬಯಾಪ್ಸಿ ವರದಿ ಬಂದ ದಿನ ಮಗನಿಗೆ ಹೇಗೆ ಹೇಳುವುದು ಅಂತ ಒದ್ದಾಡುತ್ತಿದ್ದೆ. ಅವನು ಓದಿ ನೋಡಿ, "ಅಮ್ಮಾ, ಇಷ್ಟು ದಿನ ನೀನು ಕೋಚ್ ಇದ್ದಿ. ಈಗ ಟೀಮಿಗೆ ಬಂದಿ" ಅಂದ. ಮನೆಗೆ ರೋಗಿಯನ್ನು ಎತ್ತುವ ಲಿಫ್ಟ್ ತಂದಿದ್ದೂ ಅವನ ಹಟದಿಂದಲೇ. ನನ್ನ ಸೊಂಟ ಉಳಿದದ್ದು ಅದರಿಂದ.

ಕೊನೆಗೆ ಪ್ರಶ್ನೆಗಳು. ಒಬ್ಬ ತಾಯಿ ಕೇಳಿದರು: "ನನ್ನ ಮಗಳಿಗೆ ಒಂಬತ್ತು ವರ್ಷ. ಈಗಲೇ ಅವಳಿಗೂ ಪರೀಕ್ಷೆ ಮಾಡಿಸಲಾ?" ಅವಳು ಎಡವುತ್ತಿದ್ದರೆ, ಮೆಟ್ಟಿಲು ಹತ್ತಲು ಒದ್ದಾಡಿದರೆ, ಕಾಲುನೋವು ಅಂತ ಅಳುತ್ತಿದ್ದರೆ ಈಗಲೇ. ಮೊದಲು ಸಿಪಿಕೆ ನೋಡಿಸಿ. ಏನೂ ಇಲ್ಲದಿದ್ದರೆ ಅವಳೇ ತಿಳಿದು ಹೂಂ ಅನ್ನುವ ವಯಸ್ಸಿಗೆ ಕಾಯುವುದು ಒಳ್ಳೆಯದು ಎಂದು ಆನುವಂಶಿಕ ಸಲಹೆಗಾರರು ಹೇಳುತ್ತಾರೆ. ನಾನು ನನ್ನ ಮಗಳಿಗೆ ಹದಿನಾರಕ್ಕೆ ಎಲ್ಲ ಹೇಳಿದೆ. ಅವಳು ಹದಿನೆಂಟಕ್ಕೆ ಮಾಡಿಸಿಕೊಂಡಳು. ಫಲಿತಾಂಶ ಅವಳದು, ಇಲ್ಲಿ ಹೇಳುವುದಿಲ್ಲ.

ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದರು. ಮಗನನ್ನು ಕಳೆದುಕೊಂಡವರು, ಈಗ ಮಗಳ ಮಗನಿಗೂ ಅದೇ. "ನಂದೂ ಎದಿ ತೋರಿಸ್ಬೇಕೇನವಾ? ಮೊಮ್ಮಗನ್ನ ಆರು ತಿಂಗಳಿಗೊಮ್ಮಿ ಎಕೋಕ್ಕ ಕರ್ಕೊಂಡು ಹೋಗಾಕಿ ನಾನs. ಅವ ಒಳಗ, ನಾ ಹೊರಗ ಬಾಕಿನ ಮ್ಯಾಲ." ರಾತ್ರಿ ದಿಂಬು ಎಷ್ಟು ಇಟ್ಟುಕೊಳ್ತೀರಿ ಅಂತ ಕೇಳಿದೆ. ಮೂರು ಅಂದರು. ಮುಂದಿನ ತಾರೀಖು ಯಾವಾಗ ಅಂದೆ. ಪಂಚಮಿ ಆದಮೇಲೆ ಅಂದರು. ಅಷ್ಟು ಕಾಯುವುದು ಬೇಡ, ಈ ವಾರವೇ ಹೋಗಿ ಅಂತ ಹೇಳಿ, ಅವರ ಹೆಸರನ್ನೇ ಮೇಲೆ ಹಾಕಿ ಚೀಟಿ ಬರೆದುಕೊಟ್ಟೆ: ಇಸಿಜಿ, ಎಕೋ, ಡುಶೆನ್ ವಾಹಕಿ.